ಕಾಕೂ ನಂಬಿದ ಧ್ವಜ

ಕಿರ್ರ್... ಕಿರ್ರ್... ನಮ್ಮ ಶಾಲೆಯ ಧ್ವಜಕಂಬದ ರಾಟೆಗೆ ಎಣ್ಣೆ ಹಾಕುವವರೇ ಇರಲಿಲ್ಲ. ಹಗ್ಗ ಎಳೆದಾಗೆಲ್ಲ ಓಣಿಗೇ ಕೇಳಿಸುತ್ತಿತ್ತು. ಮೊನ್ನೆ ಗೋಕಾಕದ ಈ ಫ್ಲ್ಯಾಟಿನಲ್ಲಿ ಎದುರುಮನೆಯ ಸೊಸೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಕೋಲನ್ನು ಹಗ್ಗದಿಂದ ಮೇಲೇರಿಸುತ್ತಿದ್ದಳು. ಅದೇ ಸದ್ದು. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು.

ಮೂಡಲಗಿಯ ಆಚೆಗಿನ ಒಂದು ಹಳ್ಳಿಯಲ್ಲಿ ನಾನು ಇಂಗ್ಲಿಷ್ ಟೀಚರ್ ಆಗಿದ್ದೆ, ಊರಿಗೆಲ್ಲ ‘ಬಾಯಾರು’. ಶಾಲೆಯ ಎದುರಿಗೇ ನನ್ನ ಮನೆ, ಬಾಜೂ ಮನೆಯಲ್ಲಿ ಕಾಕೂ, ಓಣಿಗೆಲ್ಲ ಚಿಕ್ಕಮ್ಮ. ಗಂಡ ಹೋದ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಮಗಳ ಮದುವೆ ಮಾಡಿದವರು, ಮಗನನ್ನು ಓದಿಸಿದವರು. ಮಗ ಮಿಲಿಟರಿ ಸೇರಿದ್ದ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ಮೆಲುದನಿ ನನ್ನದು; ಕಾಕೂ ಮಾತಾಡಿದರೆ ಊರ ಅಗಸಿಬಾಗಿಲಿಗೆ ಕೇಳಬೇಕು. ಅಡ್ಡ ನಿಂತ ಎಮ್ಮೆಗೆ ನಾನು ‘ಗೋ, ಗೋ’ ಎಂದರೆ ಬಿದ್ದು ಬಿದ್ದು ನಗುತ್ತಿದ್ದರು. “ಬಾಯಾರ, ನಮ್ಮ ಎಮ್ಮಿ ಸಾಲಿ ಕಲತಿಲ್ರಿ. ಬಡಿಗಿ ತೋರಸ್ರಿ, ತಿಳಿತೈತಿ!”

ಒಂದು ಬೆಳಿಗ್ಗೆ ಗಡಿಯಿಂದ ಫೋನ್ ಬಂತು. ಮಗ ಹೋಗಿದ್ದ. ದೇಹ ಮರುದಿನ ಬರುವುದಿತ್ತು. ಕಾಕೂ ಅಳಲಿಲ್ಲ. “ನಮ್ಮಂವ ಅಲ್ಲ. ಅದ ಹೆಸರಿನಾಂವ ಇನ್ನೊಬ್ಬ ಇರಬೇಕ” ಎಂದು ಎಮ್ಮೆ ಹಿಂಡಲು ಕೂತರು.

ನಮ್ಮ ಹೆಡ್‌ಮಾಸ್ತರರಿಗೆ ಆ ಹುಡುಗನೆಂದರೆ ಜೀವ. ಯಾರನ್ನೂ ಕೇಳದೆ ಧ್ವಜವನ್ನು ಹಾಫ್ ಮಾಸ್ಟ್ ಮಾಡಿಬಿಟ್ಟರು. ಕಾಕೂ ಹಾಲಿನ ಚರಿಗೆ ಹಿಡಿದೇ ಹೊರಗೆ ಬಂದರು. “ಯಾಕ್ರಿ ಬಾಯಾರ, ಝೇಂಡಾ ನಡಬರಕ ನಿಂತೈತಿ?” ನಾನು ಹೇಳಬೇಕಾಯಿತು... ಸತ್ತವರ ಗೌರವಕ್ಕೆ ಹೀಗೆ ಇಳಿಸುತ್ತಾರೆ, ಇದು ನಿಮ್ಮ ಮಗನಿಗೆ ಎಂದು.

ಫೋನನ್ನು ನಂಬದವರು ಧ್ವಜವನ್ನು ನಂಬಿದರು. “ಹಂಗಾರ ಖರೇನ” ಎಂದು ಕಟ್ಟೆಯ ಮೇಲೆ ಕುಸಿದರು. ಅಂಥ ಅಳುವನ್ನು ನಾನು ಆಮೇಲೆಂದೂ ಕೇಳಿಲ್ಲ.

ಮಧ್ಯಾಹ್ನ ಶಾಲೆಗೆ ಜೀಪು ಬಂತು. ಇಳಿದ ಧ್ವಜದ ಫೋಟೋ ವಾಟ್ಸ್ಯಾಪ್‌ನಲ್ಲಿ ಸುತ್ತಾಡಿ ಯಾವುದೋ ಕಚೇರಿಗೆ ಮುಟ್ಟಿತ್ತಂತೆ. “ಯಾರ ಪರ್ಮಿಷನ್ ತಗೊಂಡ್ರಿ ಮಾಸ್ತರ? ರಾಷ್ಟ್ರಪತಿ, ಪ್ರಧಾನಿ ಅಂಥಾವ್ರು ಹೋದ್ರ ಇಳಸೂದು. ಸಿಪಾಯಿಗೆ ಆ ರೂಲ್ ಇಲ್ಲ. ಏರಸ್ರಿ ಮ್ಯಾಲ” ಎಂದರಂತೆ ಜೀಪಿನ ಸಾಹೇಬರು. ರೂಲ್ ಇದ್ದದ್ದೇ ಹಾಗೆ. ಆದರೆ ಈ ಮಾತು ಕಟ್ಟೆಯ ಮೇಲಿದ್ದ ನಮಗೆ ಕೇಳಿಸಲಿಲ್ಲ. ಕೇಳಿಸಿದ್ದು ರಾಟೆ ಮಾತ್ರ.

ಕಾಕೂ ತಲೆಯೆತ್ತಿದರು. ಧ್ವಜ ತುದಿ ಮುಟ್ಟಿ ಗಾಳಿಗೆ ಬಿಚ್ಚಿಕೊಂಡಿತು.

“ಅದಾನ! ಬಾಯಾರ, ನಮ್ಮಂವ ಅದಾನ್ರಿ! ಸುಳ್ಳ ಸುದ್ದಿ ಇತ್ತು, ಅದಕ್ಕ ಏರಿಸ್ಯಾರ!”

ನಾನು ತೋಳು ಹಿಡಿದೆ; ಕೊಸರಿಕೊಂಡು ಬರಿಗಾಲಲ್ಲಿ ರಸ್ತೆ ದಾಟಿದರು. ಓಣಿಯ ಹೆಂಗಸರೂ ಹಿಂದೆ ಓಡಿದರು. ಒಬ್ಬಾಕೆಯ ಕೈಯಲ್ಲಿ ಆಗಲೇ ಸಕ್ಕರೆ ಡಬ್ಬಿ, ಹಂಚುವುದಕ್ಕೆ. ಕಾಕೂ ಮಾಸ್ತರರ ಎರಡೂ ಕೈ ಹಿಡಿದುಕೊಂಡು ಕೇಳಿದರು, “ಏನಂದಾರಿ ಫೋನಿನ್ಯಾಗ? ಉಂಡಾನಂತೇನ?”

ಮಾಸ್ತರರು ನೆಲ ನೋಡಿದರು. ಸಾಹೇಬರೇ ಹೇಳಿದರು, ಸಿಟ್ಟಿಲ್ಲದೆ, ಸರ್ಕ್ಯುಲರ್ ಓದಿದ ಹಾಗೆ: “ನಿಮ್ಮ ಮಗಾ ತೀರ್ಕೊಂಡಿದ್ದು ಖರೆ ಅವ್ವಾ. ಝೇಂಡಾ ಇಳಿಸಿದ್ದು ತಪ್ಪ.”

ಸಕ್ಕರೆ ಡಬ್ಬಿ ಸೆರಗಿನೊಳಗೆ ಮರೆಯಾಯಿತು. ಈ ಸಲ ಕಾಕೂ ಅಳಲಿಲ್ಲ.

ಮರುದಿನ ಪೆಟ್ಟಿಗೆ ಬಂತು. ಮೇಲೆ ಅದೇ ಮೂರು ಬಣ್ಣ ಹೊದಿಸಿದ್ದರು. ಕಾಕೂ ಅದರ ಅಂಚು ಮುಟ್ಟಿ ಸೈನಿಕನೊಬ್ಬನನ್ನು ಕೇಳಿದರು, “ಇದನ್ನರ ಕಸಗೊಳ್ಳಂಗಿಲ್ಲ ಹೌದಲ್ಲೋ ತಮ್ಮಾ?” ಮಣ್ಣು ಕೊಡುವ ಮುಂಚೆ ಅದನ್ನೂ ತೆಗೆದು, ಮಡಚಿ, ಅವರ ಕೈಗಿಟ್ಟರು... ಅದೂ ರೂಲ್.

ಆಮೇಲೆ ನಾನು ರಿಟೈರ್ ಆಗಿ ಗೋಕಾಕಕ್ಕೆ ಬಂದೆ. ಕಾಕೂ ಅವರನ್ನು ಮಗಳು ಹುಕ್ಕೇರಿಗೆ ಕರೆದೊಯ್ದಳು. ಅಲ್ಲಿಯೇ ತೀರಿಕೊಂಡರಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೂ ಹೋಗಲಾಗಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ನಾನು ಆ ಊರು ಬಿಡುವ ವಾರ. ಬೆಂಗಳೂರಿನಲ್ಲಿ ದೊಡ್ಡವರೊಬ್ಬರು ತೀರಿಕೊಂಡಿದ್ದರು. ಸರ್ಕಾರದ ಆರ್ಡರ್ ಬಂದು ಧ್ವಜ ಅರ್ಧಕ್ಕಿಳಿದಿತ್ತು, ಮಕ್ಕಳಿಗೆ ಸೂಟಿ. ಕಾಕೂ ತಲೆಯ ಮೇಲೆ ಬುಟ್ಟಿ ಹೊತ್ತು ಶಾಲೆಯ ಗೇಟಿಗೆ ಬಂದರು. ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಝುಣಕ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನಮ್ಮ ಕಡೆ ಬುತ್ತಿ ಒಯ್ಯುವವರು ಬಾಜೂದವರೇ.

“ಯಾರ ಮನ್ಯಾಗ ಆಗೇತ್ರಿ ಬಾಯಾರ?”

ನಾನು ಬಾಯಿ ತೆರೆಯುವ ಮುಂಚೆ ಗೇಟಿನಲ್ಲಿದ್ದ ಶಾಲೆಯ ಪ್ಯೂನ್ ನಕ್ಕ. “ಎ ಮುದಕಿ, ಸತ್ತಾವ್ರು ಬೆಂಗಳೂರಾಗ ಅದಾರ. ನಿನ್ನ ರೊಟ್ಟಿ ಅಲ್ಲಿಗಿ ಮುಟ್ಟೂದ್ರಾಗ ಖಡಕ್ ಆಗತಾವು.”

ಕಾಕೂ ನಗಲಿಲ್ಲ. ಧ್ವಜವನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು.

“ಅವ್ರಿಗೆ ಅವ್ವ ಅದಾಳೇನ್ರಿ?”

ಯಾರಿಗೂ ಗೊತ್ತಿರಲಿಲ್ಲ. ಉತ್ತರ ಸಿಕ್ಕೀತೆಂದು, ಬುಟ್ಟಿ ಇಳಿಸದೆ, ಬಿಸಿಲಲ್ಲಿ ನಿಂತೇ ಇದ್ದರು.