ಎಮ್ಮೆ ಕಟ್ಟದ ಮನೆಯ ಕಂದಾಯ

ಬಣ್ಣ ಹೊಡೆಯಲು ಬಂದವನು ಬಾಗಿಲ ಮೇಲಿನ ತಗಡನ್ನು ಉಜ್ಜಿ ನೋಡಿ, "ಇದನ್ನ ಕಿತ್ತಾಕ್ಬುಡ್ಲಾ ಅಕ್ಕ? ಏನೂ ಕಾಣ್ಸಲ್ಲ ಇದ್ರಲ್ಲಿ," ಎಂದ. ಟರ್ಪೆಂಟೈನ್ ವಾಸನೆ ಮನೆಯೆಲ್ಲ ತುಂಬಿತ್ತು. ಅವನು ಹೇಳಿದ್ದು ನಿಜ. ಅಂಗೈ ಅಗಲದ ಆ ತಗಡು ಹಬ್ಬ ಹಬ್ಬಕ್ಕೂ ಬಣ್ಣ ಬಳಿಸಿಕೊಂಡು ತನ್ನ ಅಂಕಿಗಳನ್ನು ಎಂದೋ ನುಂಗಿಹಾಕಿದೆ. ಪಂಚಾಯ್ತಿಯವರು ಹೊಡೆದ ಮನೆ ನಂಬರು ಅದು.

"ಮುಟ್ಬೇಡ ಕಣಪ್ಪ ಅದನ್ನ!" ಒಳಗಿನಿಂದ ಅವ್ವ ಕೂಗಿದಳು. ಅಷ್ಟರಲ್ಲಿ ಒಂದು ಮೊಳೆ ಅವನ ಕೈಗೆ ಬಂದಿತ್ತು. ತಗಡು ಇನ್ನೊಂದು ಮೊಳೆಯಿಂದ ಜೋತಾಡಿತು.

ಕಂದಾಯ ಎಂದಕೂಡಲೇ ನಿಮ್ಮ ಮುಖ ಗಂಟಾಗುತ್ತದೆ, ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಅದು ಎದೆಯುಬ್ಬಿಸಿ ಹೇಳಿಕೊಳ್ಳುವ ವಿಷಯ. ಇದಕ್ಕೆ ಕಾರಣ ಒಂದು ಎಮ್ಮೆ, ಅದೂ ನಮ್ಮದಲ್ಲ.

ಎಮ್ಮೆಗಿಂತ ಮೊದಲು ಔಟ್‌ಹೌಸಿನ ಮಾತು ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಅವ್ವ ಯಾದವಗಿರಿಯ ಒಂದು ಬಂಗಲೆಯಲ್ಲಿ ಅಡುಗೆಗೆ ಸೇರಿದಳು. ನಾವಿಬ್ಬರೂ ಅದರ ಹಿಂದಿನ ಔಟ್‌ಹೌಸಿನಲ್ಲಿ ಇದ್ದೆವು. ಯಜಮಾನರು ಒಳ್ಳೆಯವರೇ. ಆದರೆ ನಮಗೆ ಬರುವ ಕಾಗದಗಳ ಮೇಲೆಲ್ಲ 'ಕೇರಾಫ್' ಎಂದು ಬರೆದು ಅವರ ಹೆಸರು ಇರುತ್ತಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ವಿಳಾಸದಲ್ಲಿ ತನ್ನ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಹೂಟಗಳ್ಳಿಯಿಂದ ಆಚೆ, ಆಗಿನ್ನೂ ಪಂಚಾಯ್ತಿಗೆ ಸೇರಿದ್ದ ಬೀದಿಯಲ್ಲಿ ಒಂದು ಸೈಟು ತಗೊಂಡು ಒಂದೇ ಕೋಣೆಯ ಮನೆ ಎಬ್ಬಿಸಿದಾಗ ಅವಳಿಗೆ ಬೇಕಾಗಿದ್ದುದು ಇಷ್ಟೇ: ಇದು ತನ್ನ ಮನೆ, ಇಲ್ಲಿ ಜನ ಇದ್ದಾರೆ ಎಂದು ಸರ್ಕಾರದ ಪುಸ್ತಕದಲ್ಲಿ ಬರೆಸಿಕೊಳ್ಳುವುದು.

ಪುಸ್ತಕ ಹಿಡಿದು ಬರುತ್ತಿದ್ದವರು ಪಂಚಾಯ್ತಿಯ ಬಿಲ್ ಕಲೆಕ್ಟರು. ಕಂದಾಯ ಹಾಕಲು ಅವರು ನೋಡುತ್ತಿದ್ದುದು ಗೋಡೆಯ ಉದ್ದಗಲ, ಮೇಲಿನ ಚಾವಣಿ, ಒಳಗೆ ಇರುವವರು. ಮೊದಲೆರಡನ್ನು ಬಚ್ಚಿಡಲಾಗದು, ಮೂರನೆಯದನ್ನು ಬಚ್ಚಿಡಬಹುದು. ಜನ ಇದ್ದರೆ ಮನೆ, ಎಮ್ಮೆ ಇದ್ದರೆ ಕೊಟ್ಟಿಗೆ. ಕೊಟ್ಟಿಗೆಗೆ ಕಂದಾಯ ಹೆಸರಿಗಷ್ಟೇ. ಹೀಗಾಗಿ ಅಳತೆಯ ದಿನ ನಮ್ಮ ಬೀದಿಯ ಹೊಸ ಕೋಣೆಗಳಲ್ಲೆಲ್ಲ ಎಮ್ಮೆ ಕಾಣಿಸಿಕೊಳ್ಳುತ್ತಿತ್ತು. ಎಲ್ಲ ಕಡೆಯೂ ಒಂದೇ ಎಮ್ಮೆ! ಪಕ್ಕದ ಮನೆಯ ಚಿಕ್ಕತಾಯಮ್ಮನದು. ಕಲೆಕ್ಟರು ಮುಂಬಾಗಿಲಿನಿಂದ ಈಚೆ ಬರುವಾಗ ಅದು ಹಿತ್ತಲಿನಿಂದ ಮುಂದಿನ ಮನೆಗೆ ಹೋಗುತ್ತಿತ್ತು. ಅವರಿಗೆ ಗುರುತು ಸಿಗುತ್ತಿರಲಿಲ್ಲವೇ? ಸಿಕ್ಕಿರಬೇಕು. ಬಿಸಿಲಲ್ಲಿ ಅಷ್ಟು ಮನೆ ತಿರುಗುವವರು ಎಮ್ಮೆಯ ಜೊತೆ ಜಗಳಕ್ಕೆ ನಿಲ್ಲುತ್ತಾರೆಯೇ?

ಆ ವರ್ಷ ಅಳತೆಯ ದಿನ ಅವ್ವ ಕೆಲಸಕ್ಕೆ ಹೋಗಿದ್ದಳು. ಕೀಲಿಕೈ ಚಿಕ್ಕತಾಯಮ್ಮನ ಹತ್ತಿರ ಇತ್ತು. ಆಕೆ ಪ್ರೀತಿಯಿಂದಲೇ, ನಮ್ಮ ಚಾಪೆ ಸುತ್ತಿಟ್ಟು, ಎಮ್ಮೆಯನ್ನು ಒಳಗೆ ಕಟ್ಟಿದಳು. ನೀಲಿ ಗೋಡೆಗೆ ಬೆನ್ನು ತಾಗಿಸಿ ಅದು ಮೆಲುಕು ಹಾಕುತ್ತ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಆಗ ಸ್ಕೂಲಿನಲ್ಲಿದ್ದೆನಂತೆ. ಗೋಡೆ ನೀಲಿ ಅಲ್ಲವೇ ಅಲ್ಲ, ಬರೀ ಸುಣ್ಣ ಎನ್ನುತ್ತಾಳೆ ಅವ್ವ. ನನ್ನ ನೆನಪನ್ನು ನಂಬಿ ನೀವು ಯಾರಿಗೂ ಸಾಲ ಕೊಡಬೇಡಿ.

ಸಂಜೆ ಬಸ್ಸಿಳಿದು ಬಂದ ಅವ್ವ ಮೊದಲು ಸಗಣಿ ನೋಡಿದಳು.

"ಕೊಟ್ಟಿಗೆ ಅಂತ ಬರ್ಕೊಂಡು ಹೋದ್ರು ಕಣೆ. ನಿಂಗೆ ಕಂದಾಯನೇ ಇಲ್ಲ ಅನ್ಕೊ!" ಎಂದಳು ಚಿಕ್ಕತಾಯಮ್ಮ, ಉಪಕಾರ ಮಾಡಿದ ಖುಷಿಯಲ್ಲಿ.

"ನನ್ನ ಮನೇನ ಕೊಟ್ಟಿಗೆ ಮಾಡ್ಬುಟ್ಟೆಯಲ್ಲ ಚಿಕ್ಕತಾಯಿ," ಎಂದಳಂತೆ ಅವ್ವ. ಚೀಲವನ್ನೂ ಕೆಳಗಿಡದೆ ಪಂಚಾಯ್ತಿ ಕಟ್ಟಡದ ಕಡೆ ನಡೆದಳು. ಇದು ನನಗೆ ಗೊತ್ತು, ಅಷ್ಟರಲ್ಲಿ ನಾನು ಸ್ಕೂಲಿನಿಂದ ಬಂದು ಅವಳ ಹಿಂದೆ ಓಡಿದ್ದೆ. ಕಲೆಕ್ಟರು ಸೈಕಲ್ ಹತ್ತುವುದರಲ್ಲಿದ್ದರು.

"ನಂದು ಕೊಟ್ಟಿಗೆ ಅಲ್ಲ ಸ್ವಾಮಿ, ಮನೆ. ಕಂದಾಯ ಜಾಸ್ತಿ ಮಾಡಿ."

"ಎಲ್ರೂ ಕಮ್ಮಿ ಮಾಡಿ ಅಂತ ಅಳ್ತಾರೆ, ನೀನು ಜಾಸ್ತಿ ಮಾಡಿ ಅಂತ ಜಗಳಕ್ಕೆ ಬಂದಿದ್ದೀಯಲ್ಲಮ್ಮ! ಬರೆದದ್ದು ಬರೆದಾಯ್ತು. ಮುಂದಿನ ವರ್ಷ ನೋಡೋಣ."

"ಅಲ್ಲಿಗಂಟ ಕೊಟ್ಟಿಗೇಲಿ ಮಲಗ್ಲಾ? ನೀವು ಹೋದಾಗ ಒಳಗೆ ಯಾರಿದ್ರು?"

"ಎಮ್ಮೆ ಇತ್ತು."

"ಅದರ ಹೆಸರು ಕೇಳಿದ್ರಾ?"

ಅವರು ಪೆಡಲಿನ ಮೇಲಿಟ್ಟ ಕಾಲು ಕೆಳಗಿಟ್ಟರು.

"ನಂದು ಕೇಳಿ. ಬರ್ಕೊಳಿ."

ಕಲೆಕ್ಟರು ನಕ್ಕರು. ಆಮೇಲೆ ಸೈಕಲ್ ತಿರುಗಿಸಿಕೊಂಡು ನಮ್ಮ ಜೊತೆ ಬಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅವ್ವ ಬಾಯಿ ಬಿಟ್ಟರೆ ಎಲ್ಲರ ಕೊಟ್ಟಿಗೆಗಳೂ ಆ ಸಂಜೆಯೇ ಮನೆಗಳಾಗುತ್ತಿದ್ದವು. "ಎಮ್ಮೆ ಕಟ್ಟಿದ್ದು ಯಾರು?" ಎಂದು ಕಲೆಕ್ಟರು ಕೇಳಿಯೇ ಬಿಟ್ಟರು.

"ಅದೇ ನುಗ್ಗಿರಬೇಕು ಸ್ವಾಮಿ. ಹೊಸ ಮನೆ ಅಲ್ವಾ, ಅದಕ್ಕೂ ಚೆಂದ ಕಂಡಿರಬೇಕು."

ಚಿಕ್ಕತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವ್ವ ಒಲೆ ಹಚ್ಚಿ ಕಾಫಿಗೆ ಇಟ್ಟಳು, ಜನ ಇರುವ ಮನೆ ಎನ್ನುವುದಕ್ಕೆ ಹೊಗೆಗಿಂತ ಬೇರೆ ಸಾಕ್ಷಿ ಬೇಡವೆಂಬಂತೆ. ಟೇಪಿನ ಒಂದು ತುದಿಯನ್ನು ತಾನೇ ಹಿಡಿದು ಗೋಡೆಗೆ ಒತ್ತಿದಳು. "ಬಚ್ಚಲೂ ಸೇರಿಸಿ," ಎಂದಳು.

ಇಲ್ಲಿ ನನ್ನೊಳಗಿನ ಕತೆಗಾರ್ತಿ ಎದ್ದು ಕೂರುತ್ತಾಳೆ. ಮುಂದೆ ರಸ್ತೆ ಅಗಲವಾಯಿತು, ಕೊಟ್ಟಿಗೆ ಎಂದವರಿಗೆ ಪರಿಹಾರ ಸಿಗಲಿಲ್ಲ, ಅವ್ವ ಗೆದ್ದಳು ಎಂದು ಬರೆ ಎನ್ನುತ್ತಾಳೆ. ಹಾಗೇನೂ ಆಗಲಿಲ್ಲ. ಒಂದು ಕೋಣೆಯ ನಾವು ಬೀದಿಯ ದೊಡ್ಡ ಮನೆಗಳಿಗಿಂತ ಹೆಚ್ಚು ಕಂದಾಯ ಕಟ್ಟುತ್ತ ಬಂದೆವು, ಅಷ್ಟೇ. ಬಾಗಿಲ ಮೇಲೆ ತಗಡು ಬಂತು. ಕೇರಾಫ್ ಇಲ್ಲದೆ ಬಂದ ಮೊದಲ ಕಾಗದ ಕರೆಂಟ್ ಬಿಲ್ಲು. ಅವ್ವ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ಈಗ ನಾವು ನಗರಸಭೆಗೆ ಸೇರಿದ್ದೇವೆ. ಕಲೆಕ್ಟರು ಅಳೆಯಲು ಬರುವುದಿಲ್ಲ, ನಮ್ಮ ಮನೆ ಎಷ್ಟು ಎಂದು ನಾವೇ ಹೇಳಬೇಕು. ನಿನ್ನೆ ಕಂದಾಯದ ಫಾರಂ ತುಂಬಿಸಲು ಹೋದಾಗ ಸೈಬರ್ ಸೆಂಟರಿನವರು ನನಗೆ ಬುದ್ಧಿ ಹೇಳಿದ್ದರು: "ಮೇಲಿಂದು ಶೀಟ್ ರೂಮ್ ತಾನೆ ಮೇಡಂ? ಸಾಮಾನು ಹಾಕೋ ಶೆಡ್ ಅಂದ್ಬುಡಿ. ಯಾರು ಹತ್ತಿ ನೋಡ್ತಾರೆ?" ಅದು ಆಮೇಲೆ ಮನೆಯ ಮೇಲೆ ಕಟ್ಟಿಸಿದ, ನಾನು ಕೂತು ಬರೆಯುವ ಕೋಣೆ. ಆಲೋಚಿಸಿ ಹೇಳುತ್ತೇನೆ ಎಂದು ಬಂದಿದ್ದೆ. ಆಲೋಚಿಸುತ್ತಲೂ ಇದ್ದೆ.

ಜೋತಾಡುವ ತಗಡಿನ ಹಿಂದೆ ಹಳೆಯ ಗೋಡೆ ಕಾಣುತ್ತಿತ್ತು. ನೀಲಿಯಲ್ಲ, ಸುಣ್ಣವೂ ಅಲ್ಲ. ತಿಳಿ ಹಸಿರು. ಅವ್ವ ಗೋಡೆ ಹಿಡಿದುಕೊಂಡು ಬಂದು ನೋಡಿ, "ಹಸಿರಾ? ಇರಬೇಕು ಬುಡು," ಎಂದಳು. ಬಣ್ಣದ ವಿಷಯದಲ್ಲಿ ಅವಳಿಗೆ ಹಟವಿಲ್ಲ. ಶೆಡ್ಡಿನ ಮಾತನ್ನು ಅವಳಿಗೆ ಹೇಳಿದೆ.

"ಅಲ್ಲಿ ದಿನಾ ಕೂತ್ಕೊಳೋದು ಯಾರು?"

"ನಾನು."

"ಮತ್ತೆ? ಶೆಡ್ ಅಂತ ಬರೆದ್ರೆ ನೀನೇನಾದೆ? ಎಮ್ಮೆನಾ?"

ಏಣಿಯ ಮೇಲಿದ್ದವನು ಕಿಸಕ್ಕನೆ ನಕ್ಕ. ತಗಡನ್ನು ಅದೇ ಜಾಗಕ್ಕೆ ಹೊಡೆ, ಹಿಂದಿನ ಹಸಿರಿಗೆ ಬಣ್ಣ ಬಳಿಯಬೇಡ ಎಂದು ಅವನಿಗೆ ಹೇಳಿ, ಟೇಪು ಹಿಡಿದು ಮೇಲೆ ಹೋದೆ. ಕಿಟಕಿಯಿಂದ ಬಾಗಿಲಿಗೆ, ಗೋಡೆಯಿಂದ ಗೋಡೆಗೆ ಅಳೆದೆ. ಬರೆದದ್ದೆಲ್ಲ ಇಷ್ಟು ಚಿಕ್ಕ ಜಾಗದಲ್ಲೇ ಎಂದು ಆಶ್ಚರ್ಯವಾಯಿತು. 'ವಾಸ' ಎಂದು ಗುರುತು ಹಾಕಿಕೊಂಡೆ.

ಕೆಳಗಿನಿಂದ ಅವ್ವನ ದನಿ ಬಂತು: "ಮೆಟ್ಲೂ ಸೇರಿಸು ಕಣೆ! ಹತ್ತೋರು ನಾವೇ ತಾನೆ?"