ಬಾಕಿ ಉಳಿದ ಹನ್ನೊಂದು ಚರಣ

ಒಂದು ಹಾಡಿನ ಕೊನೆಯ ಹನ್ನೊಂದು ಚರಣ ಕೇಳಲು ನನಗೆ ಎರಡು ದಿನದ ಅಂಗಡಿ ವ್ಯಾಪಾರ ಮತ್ತು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿಬರುವ ಬಸ್ ಚಾರ್ಜು ಖರ್ಚಾಯಿತು. ಅದೇ ಹಾಡನ್ನು ನಾನೇ ಚೌಕಾಸಿ ಮಾಡಿ ಅರ್ಧ ರೇಟಿಗೆ ಇಳಿಸಿದ್ದೆ, ಅದಕ್ಕೆ.

ಎರಡು ಸಾವಿರದ ದಶಕದ ನಡುವಿನ ಮಾತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಮನೆಯ ಹಿಂಬದಿಯ ಪುಟ್ಟ ಯೂನಿಟ್‌ನಲ್ಲಿ ಸ್ಕಾಟ್‌ಲೆಂಡಿನ ಒಬ್ಬ ಜಾನಪದ ಹಾಡುಗಾರ ಬಾಡಿಗೆಗಿದ್ದ. ಅರವತ್ತು ದಾಟಿದವನು. ಅವನೂರಲ್ಲಿ ಹಗಲು ಹಡಗು ಕಟ್ಟುವಲ್ಲಿ ವೆಲ್ಡರ್, ಸಂಜೆ ಪಬ್‌ನಲ್ಲಿ ಹಾಡು. ಒಂದೆರಡು ರೆಕಾರ್ಡೂ ಬಂದಿದ್ದವಂತೆ. ಇಲ್ಲಿ ಮೂರು ತಿಂಗಳು ಸಿಡ್ನಿ, ಮೂರು ತಿಂಗಳು ಮೆಲ್ಬರ್ನ್. ಗಿಟಾರಿನ ಪೆಟ್ಟಿಗೆ ಸದಾ ಬಾಗಿಲ ಪಕ್ಕದಲ್ಲೇ.

ನಮ್ಮ ಕನ್ನಡದವರ ಕೂಟಕ್ಕೆ ಅವನನ್ನು ಬುಕ್ ಮಾಡಿದೆ. ಹದಿನೈದು ಚರಣದ ಹಾಡು ಎಂದ. "ಊಟದ ಹೊತ್ತಪ್ಪ. ನಾಲ್ಕು ಸಾಕು, ಅರ್ಧ ದುಡ್ಡು" ಎಂದೆ. ಒಪ್ಪಿ ತಲೆಯಾಡಿಸಿದ.

ಹಾಡಿನಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿತು, ಹಡಗಿನಲ್ಲಿದ್ದ ತಮ್ಮನಿಗಾಗಿ ಅಕ್ಕ ದಡದಲ್ಲಿ ದೀಪ ಹಿಡಿದು ನಿಂತಳು, ನಾಲ್ಕನೇ ಚರಣಕ್ಕೆ ಹಾಡುಗಾರ ಕೂತುಬಿಟ್ಟ. ಜನ ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿಗೆ ಎದ್ದರು. ನನ್ನ ಹೆಂಡತಿ ಏಳಲಿಲ್ಲ. ವೃದ್ಧರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಕೆಲಸದಲ್ಲಿ ಆ ಸ್ಕಾಟಿಷ್ ಇಂಗ್ಲಿಷ್ ಉಚ್ಚಾರ ಅವಳಿಗೆ ಚೆನ್ನಾಗಿ ಅಭ್ಯಾಸ. ಮಂಗಳೂರಿನವಳು, ಅವಳ ತಮ್ಮ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ, ಹದಿನೈದು ದಿನದಿಂದ ಅವನ ಫೋನಿಲ್ಲ.

"ಹಡಗು ಬಂತಾ?"

"ಅದು ಹಾಡು ಕಣೇ."

"ಅರ್ಧ ರೇಟಿಗೆ ಅರ್ಧ ಹಡಗು ತಂದ್ರಲ್ಲ ಮಾರಾಯ್ರೆ! ನಡು ಸಮುದ್ರದಲ್ಲಿ ಬಿಟ್ಟು ಊಟ ಮಾಡೂದಾ?"

ಮರುದಿನ ಅವನನ್ನೇ ಕೇಳೋಣವೆಂದರೆ ಯೂನಿಟ್ ಖಾಲಿ, ಮೆಲ್ಬರ್ನ್‌ಗೆ ಹೋಗಿಯಾಗಿತ್ತು. ವಾರವಿಡೀ ಅವಳು ಕೂತಲ್ಲಿ ಕೂರಲಿಲ್ಲ, ಮಡಚಿದ ಬಟ್ಟೆಯನ್ನೇ ಮಡಚಿದಳು. ನನಗೂ ಗಲ್ಲಾ ಹತ್ತಿರ ನಿಲ್ಲಲಾಗಲಿಲ್ಲ. ಅವನು ಶನಿವಾರ ಮಧ್ಯಾಹ್ನ ಮೆಲ್ಬರ್ನ್‌ನ ವೆರಿಬೀ ಕಡೆಯ ಪಬ್ಬೊಂದರಲ್ಲಿ ಹಾಡುತ್ತಾನೆಂದು ಯೂನಿಟ್ ಮಾಲೀಕ ಹೇಳಿದ. ಬಸ್ ಹತ್ತಿದೆ.

"ಉಳಿದದ್ದಕ್ಕೆ ಎಷ್ಟು?" ಎಂದೆ.

ನಕ್ಕ. "ನಿನಗಿಂತ ಮುಂಚೆ ರೆಕಾರ್ಡ್ ಕಂಪನಿಯವರು ಕತ್ತರಿಸಿದ್ದರು. ಮೂರು ನಿಮಿಷ ಸಾಕು ಅಂದರು, ಒಪ್ಪಿದೆ. ರೇಡಿಯೋದಲ್ಲಿ ಬಂತು, ಹೆಸರೂ ಬಂತು. ಅಮ್ಮ ಕೇಳಿ, ನಿಮ್ಮಪ್ಪನನ್ನು ಎಲ್ಲಿ ಬಿಟ್ಟೆ ಅಂದಳು." ಅವನಪ್ಪ ಮೀನಿಗೆ ಹೋದವನು ಮರಳಿರಲಿಲ್ಲ, ಹಾಡು ಆ ಅಪ್ಪನದೇ. "ಆಮೇಲೆ ನಾನು ಯಾವೂರಲ್ಲೂ ನಿಂತಿಲ್ಲ."

"ಮತ್ತೆ ನನಗ್ಯಾಕೆ ಒಪ್ಪಿದೆ?"

"ರೆಂಟ್ ಕಟ್ಟಬೇಕಿತ್ತಲ್ಲ."

ಮನೆಗೆ ಫೋನ್ ಮಾಡಿ ಮೊಬೈಲನ್ನು ಅವನ ಮುಂದೆ ಹಿಡಿದೆ. ಹನ್ನೊಂದನ್ನೂ ಹಾಡಿದ. ಹಡಗು ಬರಲಿಲ್ಲ. ಕೊನೆಯಲ್ಲಿ ಅಕ್ಕ ದೀಪ ಆರಿಸಿ, ಮನೆಗೆ ನಡೆದು, ಒಲೆ ಹಚ್ಚುತ್ತಾಳೆ. ಇದನ್ನು ಕೇಳಿಸಬಾರದಿತ್ತು ಅನ್ನಿಸಿತು.

"ಕೇಳಿಸ್ತಾ?" ಎಂದೆ ಫೋನಿಗೆ.

ಅವಳೆಂದಳು, "ಕೇಳ್ತು. ಇನ್ನು ಕೂತ್ಕೊಳ್ತೇನೆ."

ತಮ್ಮನ ಫೋನ್ ಬಂದದ್ದು ಮತ್ತೆ ಮೂರು ದಿನಕ್ಕೆ, ಯಾವುದೋ ಬಂದರಿನಿಂದ.

ನೀವೂ ಕಾರ್ಯಕ್ರಮ ಮಾಡುವವರಾದರೆ ಕೇಳಿ. ಹಾಲ್ ಬಾಡಿಗೆಗೆ ಜಗ್ಗಾಡಿ, ಕುರ್ಚಿಗೆ ಜಗ್ಗಾಡಿ, ಕೇಟರಿಂಗ್‌ನವನನ್ನಂತೂ ಬಿಡಲೇಬೇಡಿ. ಹಾಡುಗಾರನ ಹತ್ತಿರ ಮಾತ್ರ ಕಥೆ ಎಲ್ಲಿಗೆ ಮುಗಿಯುತ್ತದೆಂದು ಮೊದಲೇ ಕೇಳಿಕೊಂಡು, ಅಲ್ಲಿಯವರೆಗಿನ ಪೂರ್ತಿ ದುಡ್ಡು ಕೊಡಿ. ಊಟ ಅರ್ಧ ಗಂಟೆ ತಡವಾದರೆ ಯಾರೂ ಸಾಯುವುದಿಲ್ಲ.