ಕೋಡಿಯ ತಗ್ಗು

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಮೊನ್ನೆ ಚಪ್ಪಲಿಗೆ ಮೆತ್ತಿಕೊಂಡು ಬಂದ ಕೆರೆಯ ಗೋಡುಮಣ್ಣು ಜಗುಲಿಯಲ್ಲಿ ನಾರತೊಡಗಿತು. ಇನ್ನು ತಪ್ಪಿಸಿಕೊಳ್ಳಲು ಆಗಲಿಲ್ಲ. ಅವರು ನಮ್ಮ ಅಂಗಳಕ್ಕೆ ಬಂದಾಗಲೆಲ್ಲ ಬರುತ್ತಿದ್ದ ವಾಸನೆ ಅದು...

ಅವರು ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವರು. ನಾನು ಕೆರೆ ಸಮಿತಿಯ ಅಧ್ಯಕ್ಷ. ಹಳೇಬೀಡಿಗೆ ಹೋಗುವ ಪ್ರವಾಸಿಗರು ನಮ್ಮೂರಲ್ಲೂ ನಿಲ್ಲಲೆಂದು ಪಾರ್ಕು ಮಾಡಲು ಹೊರಟೆವು. ಸಿಕ್ಕ ಜಾಗವೋ, ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ತಗ್ಗು.

"ತಗ್ಗು ತುಂಬಿಸ್ಬ್ಯಾಡಿ ಗೌಡ್ರೇ. ಹುಲ್ಲು ಬಿಡಿ, ಹೊಂಗೆ ನೆಡಿ. ಒಣಗಿದ್ದಾಗ ಮಕ್ಳು ಆಡ್ಲಿ, ಕೋಡಿ ಬಿದ್ದಾಗ ನೀರು ಬಂದು ಕೂತ್ಕಳ್ಲಿ," ಎಂದರು.

"ಏನ್ಲಾ, ನೀರ್ಗೂ ಬೆಂಚ್ ಹಾಕ್ಸಣಾ?" ಎಂದೆ, ನನಗಿಂತ ಹಿರಿಯರಿಗೆ. ಸಮಿತಿಯೆಲ್ಲ ನಕ್ಕಿತು.

ಮಣ್ಣು ತುಂಬಿಸಿ ಟೈಲ್ಸ್ ಹಾಕಿಸಿದೆ, ಗೋಡೆ ಎಬ್ಬಿಸಿದೆ. ಮರುವರ್ಷ ಕೆರೆ ತುಂಬಿತು. ದಾರಿ ಸಿಗದ ನೀರು ಕೆಳಗಿನ ಬೀದಿಗೆ ನುಗ್ಗಿ ಮಣ್ಣಿನ ಗೋಡೆಗಳನ್ನು ಕೆಡವಿತು. ಅವರ ಮನೆಯೂ ಅಲ್ಲೇ ಇತ್ತು. ಜನ ನನ್ನ ಮೇಲೆ ಏರಿ ಬಂದಾಗ, "ಅವ್ನು ಕುಡ್ದು ಮಲಗಿದ್ದ, ತೂಬು ಎತ್ಲಿಲ್ಲ," ಎಂದುಬಿಟ್ಟೆ. ಅವರು ಬೆಳಗಿನಿಂದ ಎದೆಮಟ್ಟ ನೀರಲ್ಲಿ ನಿಂತು ತೂಬು ಎತ್ತಿದ್ದನ್ನು ನಾನೇ ನೋಡಿದ್ದೆ. ಕೋಡಿಯನ್ನೇ ಮುಚ್ಚಿದ ಮೇಲೆ ತೂಬು ಏನು ಮಾಡೀತು?

ಅವರು ಗುಂಪಿನ ಹಿಂದೆಯೇ ಇದ್ದರು. "ನೀವೇ ಅಂದ್ಮೇಲೆ ಆಯ್ತು ಬಿಡಿ," ಎಂದಷ್ಟೇ ಹೇಳಿ ಹೋದರು.

ಕೆರೆ ತುಂಬಿದ ವರ್ಷ ಗಂಗಮ್ಮನಿಗೆ ಬಾಗಿನ ಬಿಟ್ಟು, ಮೊದಲ ಕಾಯಿಯನ್ನು ತೂಬು ಎತ್ತುವವರ ಕೈಗೆ ಕೊಡುವುದು ನಮ್ಮೂರ ಪದ್ಧತಿ. ಆ ವರ್ಷ ಬೇರೆಯವರಿಗೆ ಕೊಟ್ಟೆ. ಅವರು ಮತ್ತೆ ಕೆರೆ ಏರಿ ಹತ್ತಲಿಲ್ಲ. ತೀರಿಕೊಂಡಾಗಲೂ ನಾನು ಹೋಗಲಿಲ್ಲ...

ಮೊನ್ನೆ ಒಬ್ಬ ಎಂಜಿನಿಯರ್ ಹುಡುಗಿ ಕೆರೆ ಏರಿಯ ಮೇಲೆ ಸಮಿತಿಯವರ ಮುಂದೆ ನಕ್ಷೆ ಹರಡಿದಳು. ಟೈಲ್ಸ್ ಕಿತ್ತು ತಗ್ಗು ಬಿಡಿಸಬೇಕಂತೆ. ಹುಲ್ಲು, ಹೊಂಗೆ, ಮಳೆಗಾಲದಲ್ಲಿ ನೀರಿಗೆ, ಉಳಿದ ದಿನ ಜನರಿಗೆ. "ಹೊಸ ಥರದ ಪಾರ್ಕು ಅಜ್ಜ," ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹೊಸದಂತೆ!

"ಇದು ಹಳೇದು ಕಣಮ್ಮ. ತೂಬು ಎತ್ತೋರು ಆಗ್ಲೇ ಹೇಳಿದ್ರು. ನೀರು ನುಗ್ಗಿದ ದಿನ ಅವ್ರು ತೂಬು ಎತ್ತಿದ್ರು, ನಾನೇ ಸುಳ್ಳು ಹೇಳ್ದೆ," ಎಂದೆ, ಎಲ್ಲರೆದುರಿಗೆ.

"ಹಳೇ ಕತೆ ಬಿಡಿ ಗೌಡ್ರೇ, ಕಾರಂಜಿ ಎಲ್ಲಿ ಬರ್ತದೆ ನೋಡಿ," ಎಂದ ಈಗಿನ ಅಧ್ಯಕ್ಷ.

ಅಷ್ಟೇ. ಇಷ್ಟು ವರ್ಷ ನುಂಗಿಕೊಂಡದ್ದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಬೇಕಿದ್ದವರು ಒಬ್ಬರೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎರಡು ಬೀದಿ. ಕ್ಷಮಿಸಿ ಎನ್ನಲು ಒಂದು ದಿನವೂ ನಾನು ನಡೆದುಹೋಗಲಿಲ್ಲ. ಅವರು ನಮ್ಮೂರ ನೀರುಗಂಟಿ.